ಅಂಟೆನಾ ಹಿಡಿದಾಂವ

ಗುರುವಾರ ರಾತ್ರಿ ಒಂಬತ್ತಕ್ಕ ಟೀವಿ ನಡೀಲೇಬೇಕು, ಸಾಯಬಣ್ಣ,
ಅಂದಿದ್ದಳು ನೀಲಗಂಗಾ ಸಿಸ್ಟರ್.
ಆ ವಾರ ಆಕಿಗೆ ನೈಟ್ ಡ್ಯೂಟಿ ಇರಲಿಲ್ಲ.
ಪಿಕ್ಚರ್ ಟ್ಯೂಬ್ ಸರಿ ಇತ್ತು, ವಾಯರ್ ಸರಿ ಇತ್ತು,
ಅಂಟೆನಾನೇ ಕಲಬುರಗಿ ಕಡಿ ಮಾರಿ ಮಾಡಲೊಲ್ಲದು.

ಮಾಳಗಿ ಮ್ಯಾಲ ಹತ್ತಿದೆ.
ಶಹಾಬಾದಿನ ಫರಸಿ ಹಗಲೆಲ್ಲ ಕುಡಿದ ಬಿಸಲು
ರಾತ್ರಿ ಅಂಗಾಲಿಗೆ ತಿರುಗಿ ಕೊಡತದ,
ಸಾಲ ಇಟಗೊಳ್ಳೂದಿಲ್ಲ.

'ಬಂತೇನ್ರೀ?'
'ಬಂತು… ಹೋತು… ಬಂತು! ಹಂಗ ಹಿಡಿ. ಅಲುಗಬ್ಯಾಡ.'

ಅಲುಗಲಿಲ್ಲ.
ನನಗ ಕಾಣತಿದ್ದದ್ದು ಸಿಮೆಂಟ್ ಫ್ಯಾಕ್ಟರಿ ಚಿಮಣಿ,
ಅದರ ತುದಿಗೊಂದು ಕೆಂಪು ದೀಪ, ನಾಕು ಚಿಕ್ಕಿ.
ಕತಿ ಕೆಳಗಿಂದ ಬರತಿತ್ತು, ಬೆಳಕಿಂಡಿ ಹಾದು,
ಆಕಿ ಧ್ವನಿಯಾಗ:

'ಒಂದು ಹಡಗ ಅದ. ನೀರಿಲ್ಲ, ಬರೇ ಕತ್ತಲಿ ಮ್ಯಾಲ ತೇಲತದ.
ಮುನ್ನೂರು ಮಂದಿ ಗಾಜಿನ ಪೆಟ್ಟಿಗಿಯಾಗ ಮಲಗ್ಯಾರ,
ನೂರು ವರ್ಷದ ನಿದ್ದಿ.
ಒಬ್ಬಾಕಿ ಎಚ್ಚರ… ಅಲ್ಲ, ಒಬ್ಬಾಂವ. ಕಾವಲುಗಾರ.
ಜ್ವರ ನೋಡತಾನ, ನಾಡಿ ಹಿಡೀತಾನ, ಚಾರ್ಟ್ ಬರೀತಾನ.
ಮಲಗಿದವರ ಕನಸು ಅಂವಗ ಪರದೆ ಮ್ಯಾಲ ಕಾಣತಾವ.
ಹದಿನೇಳನೇ ಪೆಟ್ಟಿಗಿಯಾಕಿಗೆ ದಿನಾ ಒಂದೇ ಕನಸು.
ಬಾವ್ಯಾಗ ಇಳಿದಾಳ, ಕೊಡ ತುಂಬ್ಯದ, ಹಗ್ಗ ಅದ,
ಮ್ಯಾಲ ಎಳಿಯೋ ಕೈ ಕಾಣವಲ್ದು.
ಅಂವಗ ಆಕಿ ಮ್ಯಾಲ ಮನಸಾಗ್ಯದ, ಸಾಯಬಣ್ಣ.
ಖರೇ ಹೇಳಬೇಕಂದ್ರ, ಆ ಹಗ್ಗದ ಮ್ಯಾಲ.'

ವಾಡಿ ಕಡಿ ಗೂಡ್ಸ್ ಗಾಡಿ ಹೋತು.
ಐವತ್ತೆಂಟು ಡಬ್ಬಿ. ಅಷ್ಟೂ ಡಬ್ಬಿ ದಾಟೂ ತನಕ ಕೆಳಗ ಮಾತಿಲ್ಲ.

'ಬಂತು,' ಅಂದಳು.
'ಅಂವಗ ವಯಸ್ಸಾತು. ಆಕಿ ಹಂಗೇ ಇದ್ದಾಳ.
ಎಬ್ಬಿಸಿದರ ಉಳೀತಾಳೋ ಇಲ್ಲೋ ಯಾರಿಗೂ ಗೊತ್ತಿಲ್ಲ.'
'ಮುಂದ?'
'ಸುಮ್ಮನಿರು. ನೀ ಮಾತಾಡಿದರ ಅದು ಅಲುಗತದ.'

ಕೈ ಜೋಮು ಹಿಡೀತು.
ಅಲ್ಯುಮಿನಿಯಂ ಕಡ್ಡಿ ಹಿಡಕೊಂಡು ನಿಂತು ನಿಂತು
ನಾನೂ ಒಂದು ಕಡ್ಡಿಯಾದೆ.
'ಎದ್ದಳೇನ್ರೀ?'
ಭಾಳ ತಡಾ ಮಾಡಿ, 'ಎದ್ದಳು.'

ಇಳಿದು ಬಂದಾಗ ಟೀವಿ ಆರಿಸಿದ್ದಳು.
ಇಪ್ಪತ್ತು ರೂಪಾಯಿ, ಒಂದು ಕಪ್ ಚಾ.
ಚಾ ತಣ್ಣಗಿತ್ತು. ಯಾವಾಗ ಮಾಡಿದ್ದಳೋ.
ಮುಂದಿನ ತಿಂಗಳು ಬೀದರಕ್ಕ ವರ್ಗಾ ಆತು.

ಹೋದ ದೀಪಾವಳಿಗೆ, ಮೂವತ್ತು ವರ್ಷದ ಮ್ಯಾಲ,
ಅಕ್ಕನ ಮಗ ಶಿವಶರಣ ಆ ಕತಿ ಮೊಬೈಲಿನಾಗ ಹುಡುಕಿ ತೆಗದ.
ಹಡಗ ಅದ. ಗಾಜಿನ ಪೆಟ್ಟಿಗಿ ಅದಾವ. ನಿದ್ದಿ ಅದ.
ಕಾವಲುಗಾರ ಇಲ್ಲ.
ಒಂದು ಯಂತ್ರ ತನ್ನ ಪಾಡಿಗೆ ತಾ ಎಲ್ಲಾ ನೋಡಕೋತದ.
ಬಾವಿಯಿಲ್ಲ, ಹಗ್ಗಿಲ್ಲ, ಹದಿನೇಳನೇ ಪೆಟ್ಟಿಗಿ ಖಾಲಿ.
'ಇದೇ ಹೌದಲ್ಲ, ಮಾಮಾ?'
ಇದೇ, ಅಂದೆ.
ಇದಲ್ಲ.

ಸರ್‌ರ್ ಅಂತ ಒಂದು ಸಪ್ಪಳ ಅವತ್ತು ಬೆಳಕಿಂಡಿಯಿಂದ
ಕಡೀತನಕ ಬರತಿತ್ತು.
ಹಡಗಿನ ಸಪ್ಪಳ ಅಂದಕೊಂಡಿದ್ದೆ.
ಟೀವಿ ರಿಪೇರಿ ಮಾಡಾಂವಗ ಗೊತ್ತಾಗಬೇಕಿತ್ತು,
ಚಿತ್ರ ಬರದ ಟೀವಿ ಹಂಗ ಒದರತದಂತ.

ಬರವಲ್ದು, ಇಳಿ, ಅನ್ನಲಿಕ್ಕ ಎಷ್ಟೊತ್ತು?
ನಾಡಿ ಹಿಡಿದು, ಚಾರ್ಟ್ ಬರದು,
ದವಾಖಾನೆಯಾಗ ಮಲಗಿದವರ ನಡುವ
ರಾತ್ರೆಲ್ಲ ಒಬ್ಬಾಕಿ ಎಚ್ಚರ ಇರತಿದ್ದಳು.
ನಾ ದಡ್ಡ,
ಕಾವಲುಗಾರ ನಾನೇ ಅಂತ ತಿಳದು ಇಷ್ಟು ವರ್ಷ ಬಾಳೇ ಮಾಡಿದೆ.

ಈಗ ಯಾರಿಗೂ ಅಂಟೆನಾ ಬೇಕಿಲ್ಲ. ಚಾರ್ಜರ್ ಮಾರತೀನಿ.
ಒಂದೊಂದು ರಾತ್ರಿ ಬಾವಿ ಬರತದ ಕನಸಿನಾಗ.
ಮ್ಯಾಲ ಹಗ್ಗ ಹಿಡಕೊಂಡು ನಿಂತಿರತೀನಿ, ಕಾಲಾಗ ಬಿಸಿ ಫರಸಿ.
'ಹಂಗ ಹಿಡಿ,' ಅಂತದ ಕೆಳಗಿನ ಧ್ವನಿ.
ಎಳೀಬೇಕೋ ಬ್ಯಾಡೋ
ಹೇಳಂಗಿಲ್ಲ.